ನಾಲ್ಕು ಮೀಟರಿನ ಶಿಲ್ಪಿಗಳಿಗೆ ನಾಲ್ಕು ತಾಲ್ಲೂಕಿನ ಬಿನ್ನಹ

ಇವರಿಗೆ,
ಕೇಂದ್ರ ಹಣಕಾಸು ಸಚಿವಾಲಯದ ತೆರಿಗೆ ವಿಭಾಗದ ಮಹಾಶಯರು,
ನವದೆಹಲಿ.

ವಿಷಯ: ತಾವು ವಿನ್ಯಾಸ ಮಾಡಿದ ಕಾರಿನ ಗುಣದೋಷಗಳ ಕುರಿತು.

ಮಾನ್ಯರೇ,

ಕಾರಿನ ಬಗ್ಗೆ ಹೇಳುವುದಿದ್ದರೆ ಕಾರು ಕಂಪನಿಗೆ ಬರೆಯಿರಿ, ನಮಗೇಕೆ ಬರೆದಿರಿ ಎಂದು ತಾವು ಕೇಳಬಹುದು. ಅದು ತಮ್ಮ ದೊಡ್ಡತನ. ಹೊಯ್ಸಳರ ಕಾಲದ ಶಿಲ್ಪಿಗಳು ಕೂಡ ಕೆತ್ತಿದ ವಿಗ್ರಹದ ಕೆಳಗೆ ತಮ್ಮ ಹೆಸರು ಕೊರೆದುಕೊಂಡರು. ತಾವು ಮಾತ್ರ ದೇಶದ ತುಂಬ ಓಡಾಡುವ ಒಂದು ಇಡೀ ಜಾತಿಯ ಕಾರನ್ನು ರೂಪಿಸಿ, ಎಲ್ಲೂ ಸಹಿ ಹಾಕದೆ ಸುಮ್ಮನಿದ್ದೀರಿ. ಹಾಗಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕಿನ ಕಾಂಪ್ಯಾಕ್ಟ್ ಸೆಡಾನ್ ಮಾಲೀಕರು ಆಡಿಕೊಳ್ಳುವ ಮಾತನ್ನು ಸಲ್ಲಬೇಕಾದವರಿಗೇ ಸಲ್ಲಿಸೋಣ ಅಂತ ಈ ಪತ್ರ.

ಜ್ಞಾಪಕ ಮಾಡಿಕೊಡುತ್ತೇನೆ. 2006ರ ಫೆಬ್ರವರಿ 28ರಂದು ಪಿ. ಚಿದಂಬರಂ ಅವರು ಬಜೆಟ್ ಓದುತ್ತಾ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಯಾವುದು ಸಣ್ಣ ಕಾರು ಎಂಬುದಕ್ಕೂ ತಮ್ಮ ಕಚೇರಿಯೇ ಗೆರೆ ಎಳೆಯಿತು: ಉದ್ದ 4,000 ಮಿಲಿಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ದಾಟಬಾರದು. ಜಗತ್ತಿನ ಬೇರೆ ಕಡೆ ಕಾರನ್ನು ಎಂಜಿನಿಯರುಗಳು ಬರೆಯುತ್ತಾರೆ, ಕಲಾವಿದರು ಜೇಡಿಮಣ್ಣಿನಲ್ಲಿ ತಿದ್ದುತ್ತಾರೆ. ನಮ್ಮ ಕಾರಿನ ಹಿಂಭಾಗವನ್ನು ತಿದ್ದಿದ್ದು ಆ ಒಂದು ವಾಕ್ಯ. 2008ರಲ್ಲಿ ಟಾಟಾದವರು ಇಂಡಿಗೋ ಕಾರಿನ ಬಾಲ ಮೊಟಕು ಮಾಡಿ 3,988 ಮಿಲಿಮೀಟರಿಗೆ ತಂದು ನಿಲ್ಲಿಸಿದರು. ಅದೇ ವರ್ಷ ಹುಟ್ಟಿದ ಸ್ವಿಫ್ಟ್ ಡಿಸೈರ್ 4,160 ಮಿಲಿಮೀಟರ್ ಇತ್ತು. ನಾಲ್ಕು ವರ್ಷ ಸುಂಕ ಕಟ್ಟಿ ಬುದ್ಧಿ ಬಂದು, 2012ರಲ್ಲಿ 3,995ಕ್ಕೆ ಇಳಿಯಿತು. ಆರೂವರೆ ಇಂಚು ಹೋಯಿತು. ಜೊತೆಗೆ 440 ಲೀಟರ್ ಇದ್ದ ಡಿಕ್ಕಿ 316 ಆಯಿತು. ಆಮೇಲೆ ಹೋಂಡಾ ಅಮೇಜ್, ಹ್ಯುಂಡೈ ಎಕ್ಸೆಂಟ್, ಟಾಟಾ ಜೆಸ್ಟ್, ಫೋರ್ಡ್ ಆಸ್ಪೈರ್, ಫೋಕ್ಸ್‌ವ್ಯಾಗನ್ ಅಮಿಯೋ ಎಲ್ಲ ಬಂದವು. ಜಪಾನಿನವರು, ಕೊರಿಯಾದವರು, ಅಮೆರಿಕದವರು, ಜರ್ಮನಿಯವರು, ಎಲ್ಲರೂ ತಮ್ಮ ಗೆರೆಯ ಹಿಂದೆ ಸಾಲಾಗಿ ನಿಂತರು. ಪಕ್ಕದಿಂದ ನೋಡಿ: ರಸ್ತೆ ಅಗಲೀಕರಣಕ್ಕೆ ಅರ್ಧ ವರಾಂಡ ಕಳೆದುಕೊಂಡ ಮನೆಯ ಹಾಗೆ, ಎಲ್ಲದರ ಹಿಂಭಾಗವೂ ಇದ್ದಕ್ಕಿದ್ದಂತೆ ಮುಗಿಯುತ್ತದೆ.

ಇನ್ನು ಮಾಲೀಕರ ಅಭಿಪ್ರಾಯಕ್ಕೆ ಬರೋಣ. ಮೊದಲು ಡಿಕ್ಕಿ. ಅದನ್ನು ಕಂಪನಿಯವರು ಲೀಟರಿನಲ್ಲಿ ಯಾಕೆ ಅಳೆಯುತ್ತಾರೋ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಲೀಟರಿನಲ್ಲಿ ಅಳೆದು ಡೇರಿಗೆ ಹಾಕುವುದು ಹಾಲನ್ನು. ಕೆ.ಆರ್. ಪೇಟೆ ಕಡೆ ಡಿಕ್ಕಿಯ ಲೆಕ್ಕ ತೆಂಗಿನಕಾಯಿಯಲ್ಲಿ, ಪಾಂಡವಪುರದ ಕಡೆ ಬೆಲ್ಲದಲ್ಲಿ, ಮದುವೆ ತಿಂಗಳಲ್ಲಿ ಎಲ್ಲ ಕಡೆಯೂ ಬೀಗರೂಟದ ಪಾತ್ರೆಯಲ್ಲಿ. ಈ ಕೊನೆಯ ಅಳತೆಯೇ ಕಟ್ಟುನಿಟ್ಟು. ಪಾತ್ರೆ ಡಿಕ್ಕಿಯೊಳಗೆ ಧಾರಾಳವಾಗಿ ಕೂರುತ್ತದೆ, ಆದರೆ ಡಿಕ್ಕಿಯ ಬಾಯಲ್ಲಿ ತೂರುವುದಿಲ್ಲ. ಬಾಲ ಚಿಕ್ಕದಾದಷ್ಟೂ ಬಾಗಿಲು ಚಿಕ್ಕದಾಗುತ್ತದೆ. ಹಿಂದಿನ ಗಾಜು ಇಳಿಜಾರಾಗಿ ಬಂದು ಅರ್ಧ ಜಾಗ ತಿಂದಿರುತ್ತದೆ. ಒಬ್ಬ ಪಾತ್ರೆಯನ್ನು ಅಡ್ಡ ತಿರುಗಿಸುತ್ತಾನೆ, ಇನ್ನೊಬ್ಬ ಕಿವಿ ಹಿಡಿದು ಓರೆ ಮಾಡುತ್ತಾನೆ, ಮೂರನೆಯವನು ಕೈ ಕಟ್ಟಿಕೊಂಡು ನಿಂತು "ನಾನು ಆಗ್ಲೇ ಹೇಳ್ಲಿಲ್ವಾ" ಅನ್ನುತ್ತಾನೆ. ಕೊನೆಗೆ ಪಾತ್ರೆ ಹಿಂದಿನ ಸೀಟಿಗೆ, ಸೀಟಿನ ಮೇಲಿದ್ದವರು ಬಸ್ಸಿಗೆ.

ಆದರೂ ಡಿಕ್ಕಿಯೇ ಈ ಕಾರಿನ ಮೊದಲ ಗುಣ ಎಂದು ಎಲ್ಲರೂ ಒಪ್ಪುತ್ತಾರೆ. ಬೇರೆ ಕಾರುಗಳಲ್ಲಿ ಸಾಮಾನು ಮತ್ತು ನೆಂಟರು ಒಂದೇ ಗಾಳಿ ಕುಡಿಯಬೇಕು. ಇದರಲ್ಲಿ ನಡುವೆ ಗೋಡೆ ಇದೆ. ಹೊಸಬೆಲ್ಲವೋ ಹಲಸಿನಹಣ್ಣೋ ಹಿಂದೆ ಹಾಕಿ ಬೀಗ ಜಡಿದರೆ ಮುಂದಿನವರಿಗೆ ವಾಸನೆ ಬಾರದು. ಕಂಪನಿಯವರ ಹೊಟ್ಟೆಯೂ ಈ ವಿಷಯದಲ್ಲಿ ಉರಿದಿರಬೇಕು. 2017ರ ಡಿಸೈರಿನಲ್ಲಿ ಡಿಕ್ಕಿ 378 ಲೀಟರಿಗೆ ಏರಿತು, 2024ರ ಮಾದರಿಯಲ್ಲಿ 382 ಆಯಿತು. ಉದ್ದ ಮಾತ್ರ ಅದೇ 3,995. ಹನ್ನೆರಡು ವರ್ಷ ಎಷ್ಟು ಎಂಜಿನಿಯರುಗಳು ತಲೆ ಕೆಡಿಸಿಕೊಂಡು ತಾವು ಕತ್ತರಿಸಿದ್ದರಲ್ಲಿ ಅರ್ಧವನ್ನು ವಾಪಸು ತಂದರು ನೋಡಿ.

ತಂದ ಮೇಲೆ ನಾವು ಏನು ಮಾಡಿದೆವು? ಸಿಎನ್‌ಜಿ ಸಿಲಿಂಡರ್ ಇಟ್ಟೆವು. ಕೆಜಿಗೆ 33.73 ಕಿಲೋಮೀಟರ್ ಎಂದು ಕಂಪನಿಯವರು ಹೇಳುವಾಗ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಡಿಕ್ಕಿ ತೆರೆದರೆ ಈಗ ಕಾಣುವುದು ಅಡ್ಡಡ್ಡ ಮಲಗಿದ ಸಿಲಿಂಡರು, ಅದರ ಮಗ್ಗುಲಲ್ಲಿ ಒಂದು ಏರ್‌ಬ್ಯಾಗಿಗೆ ಆಗುವಷ್ಟು ಸಂದು. ಏರ್‌ಬ್ಯಾಗ್ ಅಂದರೆ ನಮ್ಮಲ್ಲಿ ಬೆಂಗಳೂರಿಗೆ ಬಟ್ಟೆ ತುಂಬಿಕೊಂಡು ಹೋಗುವ ಬ್ಯಾಗು, ತಪ್ಪು ತಿಳಿಯಬೇಡಿ. ಹೀಗೆ ಡಿಕ್ಕಿ ಬೇಕು ಅಂತ ಸೆಡಾನ್ ಕೊಂಡು, ತೆರಿಗೆಗೆ ಅಂತ ಬಾಲ ಕತ್ತರಿಸಿಕೊಂಡು, ಮೈಲೇಜಿಗೆ ಅಂತ ಉಳಿದ ಡಿಕ್ಕಿಯನ್ನೂ ಬಿಟ್ಟುಕೊಟ್ಟು, ಈಗ ಮೇಲೆ ಕ್ಯಾರಿಯರ್ ಕಟ್ಟಿಸಿಕೊಂಡಿದ್ದೇವೆ. ಈ ಸರಣಿಯಲ್ಲಿ ಎಲ್ಲಿಯಾದರೂ ತರ್ಕದೋಷ ಇದ್ದರೆ ತಾವು ತಿಳಿಸಬೇಕು. ಟಾಟಾದವರು ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಡಿಕ್ಕಿಯ ನೆಲದ ಕೆಳಗೆ ಹುದುಗಿಸಿ ಸ್ವಲ್ಪ ಮರ್ಯಾದೆ ಉಳಿಸಿದ್ದಾರೆ.

ಎರಡನೆಯದು ತಳ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ನಾಲ್ಕು ತಾಲ್ಲೂಕಿನಲ್ಲಿ ಯಾವ ಕಾರಿನ ಮಾತು ಬಂದರೂ ಕೊನೆಗೆ ಬಂದು ನಿಲ್ಲುವುದು "ತಳ ಹೊಡೀತದೆ ಕಣಣ್ಣ" ಎಂಬಲ್ಲಿಗೆ. ಡಿಸೈರಿನ ತಳಕ್ಕೂ ನೆಲಕ್ಕೂ 163 ಮಿಲಿಮೀಟರ್ ಅಂತರ. ಉಳಿದವು ಅದಕ್ಕಿಂತ ಬೆರಳಿನ ದಪ್ಪ ಹೆಚ್ಚಿದ್ದರೆ ಹೆಚ್ಚು. ಅದೂ ಖಾಲಿ ಗಾಡಿಯ ಲೆಕ್ಕ. ಮುದ್ದೆ ಉಂಡು ಬೆಳೆದ ಐದು ಜನ ಕೂತು, ಹಿಂದೆ ಎರಡು ಗೊನೆ ಎಳನೀರು ಹಾಕಿದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಕ್ಯಾಟಲಾಗಿನಲ್ಲಿ ಬರೆಯುವುದಿಲ್ಲ. ನಮ್ಮ ಊರುಗಳಲ್ಲಿ ಹಂಪು ಹಾಕಿಸುವುದು ಪಂಚಾಯಿತಿಯಲ್ಲ, ಸಿಟ್ಟು. ಯಾರದೋ ಮೇಕೆಗೆ ಬೈಕು ತಗುಲಿದರೆ ಬೆಳಗಾಗುವುದರೊಳಗೆ ಅಲ್ಲೊಂದು ದಿಣ್ಣೆ ಎದ್ದಿರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಅನುಭವ ಇರುವವರು ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸುತ್ತಾರೆ. ಇನ್ನೂ ಅನುಭವ ಇರುವವರು ಹಿಂದೆ ಕೂತವರನ್ನು ಇಳಿಸಿ, ಹಂಪು ದಾಟಿಸಿ, ಮತ್ತೆ ಹತ್ತಿಸಿಕೊಳ್ಳುತ್ತಾರೆ. ಬೀಗರಿದ್ದರೆ ಇಳಿಸುವಂತಿಲ್ಲ, ಆಗ "ಕರ್ರ್" ಎಂಬ ಸದ್ದು ಬಂದಾಗ ಕೆಮ್ಮಬೇಕು.

ಕಾರ್ತೀಕ ಕಳೆದು ಸಂಕ್ರಾಂತಿಯವರೆಗೆ ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಡಾಂಬರು ರಸ್ತೆಗಳು ಕಣಗಳಾಗುತ್ತವೆ. ಹಿಂದೆ ಸಗಣಿ ಸಾರಿಸಿ ಕಣ ಮಾಡಿ, ಎತ್ತು ಕಟ್ಟಿ ರೋಣಗಲ್ಲು ಎಳೆಸಿ ಒಕ್ಕಣೆ ಮಾಡುತ್ತಿದ್ದರು. ಈಗ ಎತ್ತೂ ಇಲ್ಲ, ಆಳೂ ಇಲ್ಲ. ರಾಗಿ, ಹುರುಳಿಯನ್ನು ರಸ್ತೆಗೆ ಹರವಿದರೆ ಸರ್ಕಾರಿ ಬಸ್ಸೂ ಖಾಸಗಿ ಕಾರೂ ಪುಕ್ಕಟೆ ತುಳಿದು ಕೊಡುತ್ತವೆ. ಈ ವ್ಯವಸ್ಥೆಯನ್ನು ತಪ್ಪು ಅನ್ನುವ ಧೈರ್ಯ ನನಗಿಲ್ಲ, ನಾವೂ ಹರವುವವರೇ. ಬಸ್ಸು, ಲಾರಿ, ಎತ್ತರದ ಗಾಡಿ ದಾಟಿಕೊಂಡು ಹೋಗುತ್ತವೆ. ನಮ್ಮ ಸೆಡಾನ್ ಮಾತ್ರ ಹುರುಳಿ ಬಳ್ಳಿಯನ್ನು ಹೊಟ್ಟೆಯಿಂದ ಗುಡಿಸಿಕೊಂಡು ಹೋಗುತ್ತದೆ. ಬಳ್ಳಿ ಮುಂದಿನ ಚಕ್ರದ ಆಕ್ಸೆಲ್ಲಿಗೆ ಸುತ್ತಿಕೊಳ್ಳುತ್ತದೆ, ಸುತ್ತಿದ್ದರ ಮೇಲೆ ಇನ್ನೊಂದು ಸುತ್ತು. ಒಣಗಿದ ಸೊಪ್ಪು, ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪು. ಮೊದಲು ಸುಟ್ಟ ವಾಸನೆ ಬರುತ್ತದೆ. ಒಳಗಿರುವವರು ಯಾರದೋ ಹೊಲದಲ್ಲಿ ತರಗು ಸುಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡು ಮುಂದೆ ಹೋದವರ ಕಾರು ನಡುರಸ್ತೆಯಲ್ಲಿ ಬೂದಿಯಾದದ್ದುಂಟು. ಬಲ್ಲವರು ಹುರುಳಿ ದಾಟಿದ ಕೂಡಲೇ ನಿಲ್ಲಿಸಿ, ಪಂಚೆ ಮೇಲೆ ಕಟ್ಟಿ, ಟವಲ್ ಹಾಸಿ ಮಲಗಿ, ಕುಡುಗೋಲಿನಿಂದ ಬಳ್ಳಿ ಕೊಯ್ದು ತೆಗೆಯುತ್ತಾರೆ. ಸ್ಟೆಪ್ನಿ ಇಲ್ಲದಿದ್ದರೂ ಕುಡುಗೋಲು ಇರಲಿ ಎಂಬುದು ನಾಗಮಂಗಲದ ಅನುಭವದ ಮಾತು. ಅಪಘಾತ ಪರೀಕ್ಷೆಯಲ್ಲಿ 2024ರ ಡಿಸೈರಿಗೆ ಗ್ಲೋಬಲ್ ಎನ್‌ಕ್ಯಾಪ್‌ನವರು ಐದು ಸ್ಟಾರ್ ಕೊಟ್ಟಿದ್ದಾರೆ, ಸಂತೋಷ. ಹುರುಳಿ ಪರೀಕ್ಷೆ ಅವರಲ್ಲಿ ಇದ್ದಂತಿಲ್ಲ.

ನಾಲೆಯ ಪರೀಕ್ಷೆಯೂ ಇಲ್ಲ. ಇಲ್ಲಿ ತಮಾಷೆ ನಿಲ್ಲಿಸುತ್ತೇನೆ. ವಿಶ್ವೇಶ್ವರಯ್ಯ ನಾಲೆ ನಮ್ಮ ಹೊಟ್ಟೆ ಹೊರೆಯುವ ನೀರು, ಅದರ ಏರಿ ನಮ್ಮ ದಿನದ ದಾರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಉರುಳಿ 30 ಜನ ಹೋದರು. 2023ರ ನವೆಂಬರಿನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಹತ್ತಿರ ಕಾರು ಬಿದ್ದು ಐವರು. ಐದು ವರ್ಷದ ಅಂತರದಲ್ಲಿ ತಡೆಗೋಡೆಯ ಬಗ್ಗೆ ಆದ ಮಾತಿನಷ್ಟು ಉದ್ದದ ಗೋಡೆಯೇ ಎದ್ದಿದ್ದರೆ ಸಾಕಿತ್ತು. ಇದು ತಮ್ಮ ಖಾತೆಯಲ್ಲ, ಗೊತ್ತು. ಕಾರಿನ ಸುರಕ್ಷತೆಯ ಮಾತು ಬಂದಾಗ ನಮ್ಮ ಕಡೆ ಮನಸ್ಸಿಗೆ ಬರುವುದು ಇದು ಅಂತ ಹೇಳಿದೆ.

ಎಂಜಿನ್ ವಿಚಾರ ಬೇಗ ಮುಗಿಸುತ್ತೇನೆ. ಪೆಟ್ರೋಲಿಗೆ 1,200 ಸಿಸಿ ಎಂದು ತಾವು ಅಪ್ಪಣೆ ಕೊಡಿಸಿದ್ದು ಸಮತಟ್ಟಾದ ದೆಹಲಿಯಲ್ಲಿ ಕೂತು. ಜಕ್ಕನಹಳ್ಳಿಯಿಂದ ಮೇಲುಕೋಟೆ ಹತ್ತುವಾಗ ಐದು ಜನರಿದ್ದರೆ ಡ್ರೈವರು ಮೊದಲು ಗೇರು ಇಳಿಸುತ್ತಾನೆ, ಆಮೇಲೆ ಏಸಿ ಆರಿಸುತ್ತಾನೆ, ಅದಕ್ಕೂ ಜಗ್ಗದಿದ್ದರೆ ಚೆಲುವನಾರಾಯಣನನ್ನು ನೆನೆಯುತ್ತಾನೆ. ಡೀಸೆಲ್ ಇದ್ದಾಗ ಈ ಕಷ್ಟ ಇರಲಿಲ್ಲ ಎಂದು ಹಳಬರು ನಿಟ್ಟುಸಿರು ಬಿಡುತ್ತಾರೆ. ಡಿಸೈರಿಗೂ ಜೆಸ್ಟಿಗೂ ಒಂದೇ ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಇತ್ತು. ಹಂಪಿನ ಮೇಲೆ ಎರಡನೇ ಗೇರಿನಲ್ಲಿ ಹೋದರೆ ನಿದ್ದೆ ಮಾಡುತ್ತಿತ್ತು, ಎಚ್ಚರವಾದರೆ ಮಾತ್ರ ಹಿಡಿಯುವವರಿಲ್ಲ. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದು ಮಾರುತಿಯವರು ಡೀಸೆಲನ್ನೇ ಕೈಬಿಟ್ಟರು. ಆವತ್ತಿನಿಂದ ಹಳೇ ಡೀಸೆಲ್ ಗಾಡಿಯವರ ಗತ್ತು ಹೆಚ್ಚಿದೆ. ಹೊಸ ಡಿಸೈರಿನಲ್ಲಿ ಎಂಜಿನ್ನಿನ ನಾಲ್ಕು ಸಿಲಿಂಡರು ಮೂರಾದ ಮೇಲಂತೂ "ನಿಂತಲ್ಲಿ ನಡುಗ್ತದೆ" ಎಂಬ ದೂರು. ಮೈಲೇಜು ಲೀಟರಿಗೆ 24.79 ಎಂದು ಹೇಳಿದ ಕೂಡಲೇ ದೂರು ನಿಲ್ಲುತ್ತದೆ.

ಶ್ರೀರಂಗಪಟ್ಟಣದವರ ನೋವು ಬೇರೆ. ಬಿಳಿ ಬಣ್ಣದ ಡಿಸೈರ್ ಕೊಂಡ ಮೇಷ್ಟ್ರು ಸಂಗಮದ ಹತ್ತಿರವೋ ನಿಮಿಷಾಂಬ ಗುಡಿಯ ಮುಂದೋ ಹೆಂಡತಿಗಾಗಿ ಕಾಯುತ್ತಾ ನಿಂತಿದ್ದರೆ, ಯಾತ್ರಿಕರು ಬಂದು ಗಾಜು ತಟ್ಟಿ "ಮೈಸೂರಿಗೆ ಎಷ್ಟು ತಗೋತೀರಿ?" ಅನ್ನುತ್ತಾರೆ. ನಂಬರ್ ಪ್ಲೇಟು ಬಿಳಿಯದೋ ಹಳದಿಯದೋ ನೋಡುವ ವ್ಯವಧಾನ ಯಾರಿಗೂ ಇಲ್ಲ. ಟ್ಯಾಕ್ಸಿಗೆಂದೇ ಕಂಪನಿಯವರು ಅದೇ ಮೈಕಟ್ಟಿನ ಗಾಡಿಯನ್ನು ಬೇರೆ ಹೆಸರಲ್ಲಿ ಮಾರುವುದರಿಂದ ಯಾತ್ರಿಕರದ್ದೂ ತಪ್ಪಲ್ಲ. ಬಾಡಿಗೆ ಕೇಳಿಸಿಕೊಂಡು ರೇಗುವವರು ಇದ್ದಾರೆ, ಸುಮ್ಮನೆ "ಎಂಟುನೂರು" ಎಂದು ಹೇಳಿ ನೋಡುವವರೂ ಇದ್ದಾರಂತೆ. ನಿಜವಾದ ಹಳದಿ ಬೋರ್ಡಿನವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಅವರ ಗಾಡಿಗೆ 80ರ ಮೇಲೆ ಹೋಗದ ಹಾಗೆ ಸ್ಪೀಡ್ ಗವರ್ನರ್ ಕಟ್ಟಿ, 100 ಕಿಲೋಮೀಟರ್ ಮಿತಿಯ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬಿಟ್ಟಿದ್ದಾರೆ. ಗಣಂಗೂರಿನ ಟೋಲ್ ಮಾತ್ರ ಎಲ್ಲರಿಗೂ ಒಂದೇ ವೇಗದಲ್ಲಿ ಕತ್ತರಿಸುತ್ತದೆ.

ಆ ಹೆದ್ದಾರಿಯಲ್ಲೇ ಮುಂದೆ ಹೋದರೆ ಬಿಡದಿ. ಅಲ್ಲಿ ಟೊಯೋಟಾದವರು 2010ರಿಂದ ಹತ್ತು ವರ್ಷ ಎಟಿಯೋಸ್ ಎಂಬ ಸೆಡಾನ್ ಮಾಡಿದರು. ನಮ್ಮ ಪಾಲಿಗೆ ಅದು ಪಕ್ಕದೂರಿನ ಹುಡುಗ. 4,265 ಮಿಲಿಮೀಟರ್ ಉದ್ದ, 1,500 ಸಿಸಿ ಪೆಟ್ರೋಲು. ತಮ್ಮ ಎರಡೂ ಗೆರೆ ದಾಟಿದ ಅಪರಾಧಿ. ಡಿಕ್ಕಿ ನೋಡಿ: 595 ಲೀಟರ್! ಪಾತ್ರೆ ಬಾಯಲ್ಲೂ ತೂರುತ್ತಿತ್ತು. ಹಿಂದಿನ ಸೀಟಿನ ಮುಂದೆ ನೆಲ ಸಪಾಟಾಗಿದ್ದುದರಿಂದ ನಡುವೆ ಕೂತವರಿಗೂ ಕಾಲಿಡಲು ಜಾಗವಿತ್ತು. ಒಂದೇ ಕಷ್ಟ, ಸ್ಪೀಡ್ ತೋರಿಸುವ ಮೀಟರನ್ನು ಸ್ಟೀರಿಂಗಿನ ಹಿಂದೆ ಇಡದೆ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇಟ್ಟಿದ್ದರು. ಡ್ರೈವರಿಗಿಂತ ಚೆನ್ನಾಗಿ ಅದು ಹಿಂದಿನ ಸೀಟಿನ ನಡುವೆ ಕೂತ ಅತ್ತೆಗೆ ಕಾಣುತ್ತಿತ್ತು. ಅತಿವೇಗ ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಪೊಲೀಸ್ ಕ್ಯಾಮೆರಾವೂ ಇನ್ನೂ ಕಂಡುಹಿಡಿದಿಲ್ಲ. 2020ರಲ್ಲಿ ಅದರ ತಯಾರಿಕೆ ನಿಂತಿತು. ಹಳದಿ ಬೋರ್ಡು ಹಾಕಿಕೊಂಡವು ಇವತ್ತಿಗೂ ಓಡುತ್ತಿವೆ.

ಒಳಗಿನ ಬಣ್ಣದ ಬಗ್ಗೆ ಒಂದು ಮಾತು, ಇದು ತಮಗಲ್ಲ, ಕಂಪನಿಯವರಿಗೆ. ಸೆಡಾನ್ ಅಂದ ಮೇಲೆ ಸೀಟು ಹಾಲುಗೆನೆ ಬಣ್ಣದಲ್ಲೇ ಇರಬೇಕು, ಆಗಲೇ ಶ್ರೀಮಂತಿಕೆ ಎಂದು ಅವರಿಗೆ ಯಾರು ಹೇಳಿದರೋ. ನಾಗಮಂಗಲದ ಕೆಮ್ಮಣ್ಣು ಒಂದು ಸಲ ಹತ್ತಿದರೆ ಹೋಗುವುದಿಲ್ಲ. ಅದಕ್ಕೇ ಶೋರೂಮಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೀಳದೆ, ಬೇಸಿಗೆಯಲ್ಲಿ ಬೆನ್ನು ಅಂಟಿಸಿಕೊಂಡು, ವರ್ಷಗಟ್ಟಲೆ ಕೂರುತ್ತೇವೆ. ಮಾರುವಾಗ ಹೊಸದರಂತಿರುವ ಆ ಸೀಟಿನ ಮೇಲೆ ಮೊದಲ ಬಾರಿಗೆ ಕೂರುವ ಭಾಗ್ಯ ಕೊಂಡವನದು. ಅವನೂ ಪ್ಲಾಸ್ಟಿಕ್ ತೆಗೆಯುವುದಿಲ್ಲ.

ಇಷ್ಟೆಲ್ಲ ಇದ್ದೂ ಯಾಕೆ ಕೊಳ್ಳುತ್ತೀರಿ ಅಂದರೆ, ಮರ್ಯಾದೆ. ಮುಂದೆ ಬಾನೆಟ್ಟು, ಹಿಂದೆ ಡಿಕ್ಕಿ ಎರಡೂ ಇದ್ದರೇ ಅದು ಕಾರು, ಹಿಂದೆ ಚಪ್ಪಟೆ ಇದ್ದರೆ ವ್ಯಾನು ಎಂಬ ನಂಬಿಕೆ ನಮ್ಮ ಹಿರಿಯರದು. ಅಂಬಾಸಿಡರ್ ಕಂಡ ಕಣ್ಣುಗಳು. ಗಂಡಿನ ಕಡೆಯವರು ಬಾಯಿಬಿಟ್ಟು ವರದಕ್ಷಿಣೆ ಕೇಳುವುದಿಲ್ಲ, ಕಾನೂನು ಬಲ್ಲವರು. "ಹುಡುಗಿ ಓಡಾಡೋಕೆ ಒಂದು ಅನುಕೂಲ ಮಾಡ್ಕೊಡಿ, ಡಿಕ್ಕಿ ಇರೋದಾದ್ರೆ ಚೆಂದ" ಅನ್ನುತ್ತಾರೆ. ಆ ಅನುಕೂಲದ ಸ್ಟೀರಿಂಗ್ ಹುಡುಗಿಯ ಕೈಗೆ ಸಿಕ್ಕಿದ್ದನ್ನು ಕಂಡವರು ಕಡಿಮೆ. ಕಂತು ಕಟ್ಟುವವನು ಅವಳಪ್ಪ, ಗದ್ದೆಯ ಮೇಲೆ. ಈ ಲೆಕ್ಕದಲ್ಲಿ ತಾವು ಉಳಿಸಿಕೊಟ್ಟ ಸುಂಕ ಯಾರಿಗೆ ಮುಟ್ಟಿತು ಎಂದು ಒಮ್ಮೆ ವಿಚಾರಿಸಿ.

ಸುಂಕ ಎಂದಾಗ ನೆನಪಾಯಿತು. ಸರ್ಕಾರ ಬದಲಾಯಿತು, ಅಬಕಾರಿ ಸುಂಕ ಹೋಗಿ 2017ರಲ್ಲಿ ಜಿಎಸ್‌ಟಿ ಬಂತು, ನಾಲ್ಕು ಮೀಟರಿನ ಗೆರೆ ಮಾತ್ರ ಅಲ್ಲಾಡಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನ ಕಾರಿಗೆ ಶೇ 18, ಹೊರಗಿನದಕ್ಕೆ ಶೇ 40. ಒಂದು ಅಂಗುಲ ಹೆಚ್ಚಾದರೆ ಇಪ್ಪತ್ತೆರಡು ಶೇಕಡಾ. ಇಷ್ಟು ಬೆಲೆಬಾಳುವ ಅಂಗುಲ ಎಕ್ಸ್‌ಪ್ರೆಸ್‌ವೇ ಪಕ್ಕದ ಸೈಟಿನಲ್ಲೂ ಇಲ್ಲ. ಆದರೆ ಕಂಪನಿಗಳು ತಮಗಿಂತ ಚಾಲಾಕಿಗಳು. ವೆನ್ಯೂ ಥರದ ಎಸ್‌ಯುವಿಗಳೂ 3,995 ಮಿಲಿಮೀಟರೇ. ಉದ್ದಕ್ಕೆ ತಾನೇ ಗೆರೆ ಎಂದು ಅವು ಎತ್ತರಕ್ಕೆ ಬೆಳೆದವು. ನಮ್ಮ ಹುಡುಗರು ಈಗ ಅವನ್ನೇ ಕೊಳ್ಳುತ್ತಿದ್ದಾರೆ. ಹಂಪು ಹಾರುತ್ತವೆ, ಹುರುಳಿಗೆ ಸಿಗುವುದಿಲ್ಲ, ಯಾರೂ ಗಾಜು ತಟ್ಟಿ ಬಾಡಿಗೆ ಕೇಳುವುದಿಲ್ಲ.

ಆದ್ದರಿಂದ ನಮ್ಮ ಬಿನ್ನಹ ಇಷ್ಟೇ. ಉದ್ದ ಕತ್ತರಿಸಿದವರಿಗೆ ರಿಯಾಯಿತಿ ಕೊಟ್ಟಿರಿ. ತಳ ಎರಡಿಂಚು ಎತ್ತಿದ ಸೆಡಾನಿಗೂ ಒಂದಿಷ್ಟು ಕೊಡಿ. ಒಂದೇ ವಾಕ್ಯ ಸಾಕು, ಉಳಿದದ್ದನ್ನು ಜಪಾನಿನವರೂ ಕೊರಿಯಾದವರೂ ನೋಡಿಕೊಳ್ಳುತ್ತಾರೆ. ಆಗುವುದಿಲ್ಲ ಎನ್ನಬೇಡಿ. ಶ್ರೀರಂಗಪಟ್ಟಣದಲ್ಲಿ ರೈಲಿನ ಜೋಡಿಹಳಿಗೆ ಅಡ್ಡ ಬಂದಿತ್ತು ಅಂತ 2017ರಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಯನ್ನೇ ಜಾಕ್ ಕೊಟ್ಟು ಎತ್ತಿ, ಸುಮಾರು 130 ಮೀಟರ್ ಆಚೆ ಕೂರಿಸಿದರು. ಅದರ ತೂಕ ಸಾವಿರ ಟನ್. ನಮ್ಮ ಕಾರು ಬರೀ ಒಂದು ಟನ್ ಆಸುಪಾಸು.

ತಮ್ಮ ವಿಶ್ವಾಸಿ,
ನಾಲ್ಕು ತಾಲ್ಲೂಕಿನ ಮಾಲೀಕರ ಪರವಾಗಿ ಒಬ್ಬ ಕಂತುದಾರ

ವಿ.ಸೂ.: ಖುದ್ದಾಗಿ ಪರಿಶೀಲನೆಗೆ ಬರುವುದಾದರೆ ತಮ್ಮಂಥವರು ಇನ್ನೋವಾದಲ್ಲೇ ಬರುತ್ತೀರಿ. ಅದು ನಾಲ್ಕು ಮುಕ್ಕಾಲು ಮೀಟರ್ ಇದೆ, ಪಟ್ಟಣದ ಕೋಟೆಯೊಳಗಿನ ಓಣಿಗಳಲ್ಲಿ ತಿರುಗದು. ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ, ಅಲ್ಲಿಂದ ನಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇವೆ. ಮೂರು ಜನಕ್ಕಿಂತ ಹೆಚ್ಚು ಬೇಡ. ಫೈಲುಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ, ಡಿಕ್ಕಿಯಲ್ಲಿ ಸಿಲಿಂಡರ್ ಇದೆ.